ಹಿರಿಯೂರು ಸೀಮೆಯ ಇಳಿಜಾರು ಹೊಲದಲ್ಲಿ ಮಣ್ಣು ಹೊದ್ದ ಮನೆ: ಎಷ್ಟು ಅಗೆಯಬೇಕು, ಎಷ್ಟು ಮುಚ್ಚಬೇಕು?

ಪ್ರಶ್ನೆ: ಹೊಲದ ಬದು, ಹಿರಿಯೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ.

ಹಿರಿಯೂರು ತಾಲ್ಲೂಕಿನಲ್ಲಿ ನಮಗೆ ಪಿತ್ರಾರ್ಜಿತವಾಗಿ ಬಂದ ಮೂರೂವರೆ ಎಕರೆ ಹೊಲವಿದೆ. ನಾನು ಪ್ರೌಢಶಾಲೆಯ ಶಿಕ್ಷಕಿ. ನಿವೃತ್ತಿಗೆ ಇನ್ನೆರಡು ವರ್ಷವಿದೆ. ಆಮೇಲೆ ನಾನು, ನಮ್ಮ ಯಜಮಾನರು ಮತ್ತು ಅತ್ತೆಯವರು ಹೊಲದಲ್ಲಿಯೇ ನೆಲೆಸಬೇಕೆಂದು ನಿಶ್ಚಯಿಸಿದ್ದೇವೆ.

ಹೊಲ ಪಡುವಣದಿಂದ ಮೂಡಣಕ್ಕೆ ಇಳಿಜಾರಾಗಿದೆ. ನೂರು ಅಡಿ ನಡೆದರೆ ಸುಮಾರು ಎಂಟು ಅಡಿ ಇಳಿಯುತ್ತೇವೆ. ಮೇಲಿನ ಎರಡೂವರೆ ಅಡಿ ಕೆಂಪು ಮಣ್ಣು, ಅದರ ಕೆಳಗೆ ಗಟ್ಟಿ ಗರಸು. ಮೂಡಣದ ತಗ್ಗಿನಲ್ಲಿ ಮಾತ್ರ ಒಂದು ಪಟ್ಟಿಯಷ್ಟು ಎರೆಮಣ್ಣಿದೆ. ಹತ್ತಿರದ ವಿದ್ಯುತ್ ಕಂಬ ಒಂದೂವರೆ ಕಿಲೋಮೀಟರ್ ದೂರದಲ್ಲಿದೆ. ಕೊಳವೆಬಾವಿಯಲ್ಲಿ ನೀರಿದೆ, ಆದರೆ ಪರೀಕ್ಷೆ ಮಾಡಿಸಿದಾಗ ಫ್ಲೋರೈಡ್ ಲೀಟರಿಗೆ 2.4 ಮಿಲಿಗ್ರಾಂ ಎಂದು ಬಂದಿದೆ.

ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆ ಕಡೆಯ ಮಾಳಿಗೆ ಮನೆಯಲ್ಲಿ. ಎರಡು ಮೊಳ ದಪ್ಪದ ಗೋಡೆ, ಜಂತಿಗಳ ಮೇಲೆ ಸೊಪ್ಪು ಹಾಸಿ ಹೊದಿಸಿದ ಮಣ್ಣು, ನಡುಮನೆಯ ನೆತ್ತಿಗೊಂದು ಗವಾಕ್ಷಿ. ಗವಾಕ್ಷಿಯಿಂದ ಬೀಳುವ ಬಿಸಿಲಿನ ಬಿಲ್ಲೆ ಬೀಸುವ ಕಲ್ಲಿನಿಂದ ಒರಳಿನ ಕಡೆಗೆ ಎಷ್ಟು ಸರಿದಿದೆ ಎಂದು ನೋಡಿಯೇ ಅಜ್ಜಿ ಹೊತ್ತು ಹೇಳುತ್ತಿದ್ದರು. ಏಪ್ರಿಲ್ ತಿಂಗಳ ಮಧ್ಯಾಹ್ನ ಹೊಲದಿಂದ ಬಂದು ಆ ನೆಲದ ಮೇಲೆ ಬರಿಮೈಯಲ್ಲಿ ಮಲಗಿದರೆ ಸಿಗುತ್ತಿದ್ದ ತಂಪು, ಈಗ ನಾವಿರುವ ತಾರಸಿ ಮನೆಯಲ್ಲಿ ಫ್ಯಾನಿನ ಕೆಳಗೂ ಸಿಗುವುದಿಲ್ಲ.

ಆ ತಂಪನ್ನೇ ಮರಳಿ ಪಡೆಯುವ ಆಸೆಯಿಂದ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಮೈಕಲ್ ರೆನಾಲ್ಡ್ಸ್ ಅವರು 1970ರ ದಶಕದಿಂದ ಕಟ್ಟುತ್ತ ಬಂದಿರುವ, ಟೈರುಗಳಿಗೆ ಮಣ್ಣು ತುಂಬಿ ಗೋಡೆ ಎಬ್ಬಿಸುವ ‘ಅರ್ಥ್‌ಶಿಪ್’ ಮನೆಗಳ ಬಗ್ಗೆ ಓದಿದೆ. ಅದನ್ನು ಅನುಸರಿಸಿ, ಇಳಿಜಾರಿನಲ್ಲಿ ಎಂಟು ಅಡಿ ಅಗೆದು, ಮೂರು ಕಡೆ ಮಣ್ಣು ಇರುವಂತೆ ಆರು ಚದರದ ಮನೆ ಕಟ್ಟಿ, ಆರ್‌ಸಿಸಿ ತಾರಸಿಯ ಮೇಲೆ ಎರಡು ಅಡಿ ಮಣ್ಣು ಹಾಕಿ, ದಕ್ಷಿಣಕ್ಕೆ ಪೂರ್ತಿ ಗಾಜು ಇಡಬೇಕೆಂದು ಒಂದು ನಕ್ಷೆ ಬರೆದುಕೊಂಡಿದ್ದೇನೆ. ಕರೆಂಟು ಸೋಲಾರಿನಿಂದ, ನೀರು ಮಳೆಯಿಂದ. ನಮ್ಮ ಮೇಸ್ತ್ರಿಯವರು ನಕ್ಷೆ ನೋಡಿ, “ಅಮ್ಮಾ, ಇದು ಮನೆಯೋ ನೆಲಮಾಳಿಗೆಯೋ?” ಎಂದು ಕೇಳಿ ಸುಮ್ಮನಾದರು. ಅವರ ಮೌನ ನನ್ನನ್ನು ಚಿಂತೆಗೆ ಹಚ್ಚಿದೆ. ಇಂಥ ಮನೆ ಕಟ್ಟಿ ವಾಸವಾಗಿರುವವರು ಯಾರಾದರೂ ಇದ್ದರೆ, ಪಾಯ ತೋಡುವ ಮೊದಲು ನಾನು ತಿಳಿದಿರಬೇಕಾದದ್ದನ್ನು ದಯವಿಟ್ಟು ತಿಳಿಸಿ.

ಉತ್ತರ: ಕೆಂಪು ಹೊಲ, ಶಿರಾ ತಾಲ್ಲೂಕು

ಮೇಡಂ, ನಮಸ್ಕಾರ. ಶಿರಾ ತಾಲ್ಲೂಕಿನ ನಮ್ಮ ಹೊಲದಲ್ಲಿ ನೀವು ಬಯಸುವಂಥ ಮನೆ ಕಟ್ಟಿ ವಾಸಿಸುತ್ತಿರುವುದು ಇದು ಏಳನೆಯ ವರ್ಷ. ನಿಮ್ಮ ಮೇಸ್ತ್ರಿಯವರ ಮೌನವನ್ನು ನೀವು ಗೌರವಿಸಿದ್ದು ಒಳ್ಳೆಯದಾಯಿತು. ನಾನು ಹೇಳಬೇಕಾದ ಮುಖ್ಯ ಮಾತು ಒಂದೇ: ಮನೆಯನ್ನು ನೆಲದೊಳಕ್ಕೆ ಇಳಿಸಬೇಡಿ, ನೆಲವನ್ನು ಮನೆಯ ಪಕ್ಕಕ್ಕೆ ಏರಿಸಿ.

ನೀವು ಓದಿದ ಅರ್ಥ್‌ಶಿಪ್ ಮನೆಗಳು ನೆಲೆಗೊಂಡಿರುವ ಟಾವೋಸ್ ಪ್ರದೇಶ ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿರುವ ಶೀತ ಮರುಭೂಮಿ. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಡಿಸೆಂಬರ್ ಮಧ್ಯಾಹ್ನದ ಸೂರ್ಯ ದಕ್ಷಿಣ ದಿಗಂತದಿಂದ ಕೇವಲ 30 ಡಿಗ್ರಿ ಎತ್ತರದಲ್ಲಿರುವುದರಿಂದ ಆ ಓರೆ ಬಿಸಿಲು ಗಾಜಿನ ಮೂಲಕ ಮನೆಯ ಹಿಂಗೋಡೆಯವರೆಗೆ ಬಂದು, ಮಣ್ಣು ತುಂಬಿದ ಟೈರುಗಳ ಗೋಡೆಯನ್ನು ಕಾಯಿಸಿ, ರಾತ್ರಿಗೆ ಬೆಚ್ಚಗಿಡುತ್ತದೆ. ಅಲ್ಲಿನ ಮನೆಗೆ ಬೇಕಾದದ್ದು ಶಾಖ. ಹಿರಿಯೂರು ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮ್ಮಲ್ಲಿ ಡಿಸೆಂಬರಿನಲ್ಲೂ ನಡುಹಗಲಿನ ಸೂರ್ಯ 52 ಡಿಗ್ರಿ ಎತ್ತರದಲ್ಲಿರುತ್ತಾನೆ, ಏಪ್ರಿಲ್ ಕೊನೆಯ ವಾರದಲ್ಲಿ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನಮಗೆ ಬೇಸಿಗೆಯ ಶತ್ರುಗಳು ಎರಡು, ಒಂದು ಮಾಡು, ಇನ್ನೊಂದು ಪಡುವಣ ಗೋಡೆ. ದಕ್ಷಿಣದ ಗಾಜಿನಿಂದ ನಮಗೆ ಸಿಗುವುದು ಬೇಡವಾದ ಸೆಕೆ ಮಾತ್ರ. ಆ ಹಣವನ್ನು ಒಂದು ಅಗಲವಾದ ಜಗುಲಿಗೆ ಹಾಕಿ.

ಇನ್ನು ಆಳದ ವಿಷಯ. ಹತ್ತು ಹನ್ನೆರಡು ಅಡಿ ಆಳದಲ್ಲಿ ನೆಲದ ಉಷ್ಣಾಂಶ ಆಯಾ ಊರಿನ ಇಡೀ ವರ್ಷದ ಸರಾಸರಿ ಉಷ್ಣಾಂಶಕ್ಕೆ ಹತ್ತಿರವಾಗಿರುತ್ತದೆ. ನಮ್ಮ ಬಯಲುಸೀಮೆಯಲ್ಲಿ ಅದು ಹೆಚ್ಚುಕಡಿಮೆ 25-26 ಡಿಗ್ರಿ. ಇದನ್ನು ಕೇಳಿದವರಿಗೆ ಆಳಕ್ಕೆ ಹೋದಷ್ಟೂ ಒಳ್ಳೆಯದೆನಿಸುತ್ತದೆ. ಆದರೆ ನಮ್ಮನ್ನು ಬೇಯಿಸುವುದು ದಿನದ ಏರಿಳಿತ, ಹಗಲಿನ 38 ಮತ್ತು ರಾತ್ರಿಯ 24ರ ನಡುವಿನ ಅಂತರ. ಒಂದೂವರೆ ಅಡಿ ಮಣ್ಣಿನಲ್ಲಿಯೇ ಅದು ಬಹುತೇಕ ಅಡಗಿಹೋಗುತ್ತದೆ. ನಿಮ್ಮ ಅಜ್ಜಿಯ ಮನೆಯ ಎರಡು ಮೊಳದ ಗೋಡೆ ಮಾಡುತ್ತಿದ್ದುದೂ ಅದನ್ನೇ. ಆ ಮನೆ ನೆಲದ ಮೇಲೆಯೇ ಇತ್ತು ಎಂಬುದನ್ನು ಮರೆಯಬೇಡಿ. ಎಂಟು ಅಡಿ ಅಗೆದು ನೀವು ಪಡೆಯುವ ಹೆಚ್ಚಿನ ತಂಪು ಅಲ್ಪ. ಅದರ ಜೊತೆಗೆ ಬರುವ ನೀರಿನ ಕಾಟ ಬಹಳ.

ನೀರಿನ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ನಾವು ಪಡುವಣದಲ್ಲಿ ಆರು ಅಡಿ ಅಗೆದು ಮನೆಯನ್ನು ದಿಣ್ಣೆಗೆ ಒರಗಿಸಿದೆವು. ಗೋಡೆಯ ಹೊರಮೈಗೆ ಡಾಂಬರಿನ ಲೇಪ ಬಳಿದು, ಅಗೆದ ಕೆಂಪು ಮಣ್ಣನ್ನೇ ಮತ್ತೆ ಗೋಡೆಗೆ ಒತ್ತಿ ತುಂಬಿಸಿದೆವು. ಮೊದಲ ವರ್ಷದ ಮುಂಗಾರು ಏನೂ ಮಾಡಲಿಲ್ಲ. ಅಕ್ಟೋಬರಿನಲ್ಲಿ ವಾಯುಭಾರ ಕುಸಿತದ ಮಳೆ ಮೂರು ದಿನ ಹಿಡಿದಾಗ ನಾಲ್ಕನೆಯ ದಿನ ಬೆಳಿಗ್ಗೆ ಮಲಗುವ ಕೋಣೆಯ ಗೋಡೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಸುಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತ್ತು. ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿದು ಒಳಗಿನಿಂದ ಬಿಳಿಯ ಉಪ್ಪು ಉದುರುತ್ತಿತ್ತು. ವಾರದೊಳಗೆ ಟ್ರಂಕಿನಲ್ಲಿದ್ದ ಸೀರೆಗಳಿಗೆ ಬೂಷ್ಟು ಬಂತು. ಮಣ್ಣು ತೆಗೆಸಿ ನೋಡಿದಾಗ ತಿಳಿಯಿತು, ತಪ್ಪು ಲೇಪದ್ದಲ್ಲ. ಮೇಲಿನ ಹೊಲದಿಂದ ಇಂಗಿ ಬಂದ ನೀರಿಗೆ ಹೋಗಲು ದಾರಿ ಇರಲಿಲ್ಲ. ಅದು ಗೋಡೆಯ ಹಿಂದೆ ಕೆರೆಯಂತೆ ನಿಂತು, ಲೇಪದಲ್ಲಿ ಕೂದಲೆಳೆಯಷ್ಟು ಸಂದು ಸಿಕ್ಕಲ್ಲೆಲ್ಲ ನುಗ್ಗಿತ್ತು.

ಅರವತ್ತು ಅಡಿ ಉದ್ದಕ್ಕೂ ಮತ್ತೆ ಅಗೆಸಿದೆವು. ಗೋಡೆಯ ಹಿಂದೆ ಒಂದೂವರೆ ಅಡಿ ದಪ್ಪಕ್ಕೆ ಬರಿಯ ಜಲ್ಲಿ ತುಂಬಿ, ಜಲ್ಲಿಗೂ ಮಣ್ಣಿಗೂ ನಡುವೆ ಮಣ್ಣು ನುಸುಳದ ಬಟ್ಟೆ ಹಾಸಿ, ಮನೆಯ ನೆಲಮಟ್ಟಕ್ಕಿಂತ ಒಂದು ಅಡಿ ಕೆಳಗೆ ತೂತುಗಳಿರುವ ನಾಲ್ಕಿಂಚಿನ ಪೈಪನ್ನು ನೂರಕ್ಕೆ ಒಂದರ ವಾಟದಲ್ಲಿ ಹಾಕಿ, ಅದರ ಬಾಯಿಯನ್ನು ತಗ್ಗಿನ ಬದುವಿನಲ್ಲಿ ಹೊರಗೆ ಬಿಟ್ಟೆವು. ಮೇಲ್ಭಾಗದಲ್ಲಿ, ಮನೆಯಿಂದ ಹದಿನೈದು ಅಡಿ ದೂರದಲ್ಲಿ, ಮಳೆನೀರನ್ನು ಎರಡೂ ಕಡೆಗೆ ತಿರುಗಿಸುವ ಕಾಲುವೆ ತೋಡಿದೆವು. ಅಂದಿನಿಂದ ಗೋಡೆ ಒಣಗಿದೆ. ಈಗಲೂ ದೊಡ್ಡ ಮಳೆ ಬಂದ ಮರುದಿನ ನಾನು ಮೊದಲು ನೋಡುವುದು ಆ ಪೈಪಿನ ಬಾಯನ್ನು. ನೀರು ಹೆಬ್ಬೆರಳಿನ ದಪ್ಪಕ್ಕೆ ಬರುತ್ತಿದ್ದರೆ ಮನೆಗೆ ಕ್ಷೇಮವೆಂದು ಅರ್ಥ. ಹೊಸದಾಗಿ ಕಟ್ಟುವವರಿಗೆ ಈ ಕೆಲಸದ ವೆಚ್ಚ ಅಲ್ಪ. ಕಟ್ಟಿದ ಮೇಲೆ ಮಾಡಿಸಿದ್ದರಿಂದ ನನಗೆ ಒಂದು ಕೋಣೆ ಕಟ್ಟಿಸುವಷ್ಟು ಖರ್ಚಾಯಿತು.

ಇನ್ನೊಂದು ಸಂಗತಿಯನ್ನು ಪುಸ್ತಕಗಳಲ್ಲಿ ನಾನು ಓದಿರಲಿಲ್ಲ. ಮೂರನೆಯ ವರ್ಷ ಮಣ್ಣು ಹೊದಿಸಿದ ಮಾಡಿನ ಒಂದು ಮೂಲೆ ತೊಟ್ಟಿಕ್ಕಲಾರಂಭಿಸಿತು. ಮೇಲೆ ಹತ್ತಿ ಗುದ್ದಲಿಯಿಂದ ಮೆಲ್ಲಗೆ ಬಿಡಿಸಿದರೆ, ನೀರು ತಡೆಯುವ ಹಾಳೆಯ ಮೇಲೆ ಇಲಿಯ ಗೂಡು, ಸುತ್ತ ಬೊಗಸೆ ತುಂಬುವಷ್ಟು ಕಡಲೆಕಾಯಿ ಸಿಪ್ಪೆ, ಹಾಳೆಯಲ್ಲಿ ರೂಪಾಯಿ ನಾಣ್ಯದಗಲದ ಎರಡು ತೂತು. ಸಡಿಲ ಮಣ್ಣು, ತಂಪು, ಪಕ್ಕದಲ್ಲೇ ಕಡಲೆಕಾಯಿ ಹೊಲ. ಇಲಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾವುದು? ಹಾಳೆಯ ಮೇಲೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಷ್ ಹಾಸಿ, ಎರಡು ಇಂಚು ಗಾರೆ ಎಳೆದು, ಆಮೇಲೆ ಮಣ್ಣು ಹಾಕಿಸಿ. ಹೆಗ್ಗಣ ಇರುವ ಕಡೆ ಪಕ್ಕದ ದಿಬ್ಬಕ್ಕೂ ಇದೇ ಎಚ್ಚರಿಕೆ ಬೇಕು.

ಇಷ್ಟೆಲ್ಲ ಹೇಳಿದ್ದರಿಂದ ನಾನು ಈ ಮನೆಗೆ ನೊಂದುಕೊಂಡಿದ್ದೇನೆಂದು ತಿಳಿಯಬೇಡಿ. ಕಳೆದ ಏಪ್ರಿಲಿನಲ್ಲಿ ಹೊರಗೆ 38 ಡಿಗ್ರಿ ಇದ್ದ ದಿನ, ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿ ಮುಚ್ಚಿದ ದಿಬ್ಬದ ಪಕ್ಕದ ಕೋಣೆಯಲ್ಲಿ ಮಧ್ಯಾಹ್ನ ಮೂರಕ್ಕೆ ಗೋಡೆಯ ಥರ್ಮಾಮೀಟರ್ 29 ತೋರಿಸುತ್ತಿತ್ತು. ಹೆಂಚಿನ ಅಡುಗೆಮನೆಯಲ್ಲಿ 34 ಇತ್ತು. ರಾತ್ರಿ ಎಲ್ಲ ಕಿಟಕಿಗಳನ್ನೂ ಗವಾಕ್ಷಿಯನ್ನೂ ತೆರೆದು, ಗೋಡೆ ಹಗಲೆಲ್ಲ ನುಂಗಿದ ಶಾಖವನ್ನು ಹೊರಹಾಕಲೇಬೇಕು. ಅದನ್ನು ಒಂದು ವಾರ ಮರೆತರೆ ತಂಪು ಕರಗಿಹೋಗುತ್ತದೆ. ಗಾಳಿಯ ಈ ಎಚ್ಚರ ನಮ್ಮ ಹಿರಿಯರಿಗೆ ಇತ್ತು: ಉತ್ತರ ಕರ್ನಾಟಕದಲ್ಲಿ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವಿನ ಬಾಯಿ ತೆರೆದ ಕೂಡಲೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ, ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಧಾನ್ಯ ಉಸಿರಾಡಿ ಬಿಟ್ಟ ಕೆಟ್ಟ ಗಾಳಿ ತಳದಲ್ಲಿ ನಿಂತಿರುತ್ತಿತ್ತು. ಮೂರು ಕಡೆ ಮಣ್ಣಿರುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದು, ನೀರಿನ ಬ್ಯಾಟರಿ (ಆಗಾಗ ನೀರು ತುಂಬಬೇಕಾದ ಸೀಸ-ಆಮ್ಲದ ಬ್ಯಾಟರಿ) ಇಡುವುದು ಎರಡೂ ಕೂಡದು.

ಉತ್ತರ: ಕಟ್ಟಡ ಲೆಕ್ಕ, ದಾವಣಗೆರೆ

ನಾನು ಕಟ್ಟಡಗಳ ರಚನಾ ವಿನ್ಯಾಸ ಮಾಡುವ ಇಂಜಿನಿಯರ್. ಮೇಲಿನವರು ಅನುಭವದಿಂದ ಹೇಳಿದ್ದಕ್ಕೆ ಲೆಕ್ಕವನ್ನು ಸೇರಿಸುತ್ತೇನೆ, ಏಕೆಂದರೆ ಮಣ್ಣಿನ ತೂಕವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವುದು ಪ್ರಾಣಕ್ಕೆ ಸಂಬಂಧಿಸಿದ ತಪ್ಪಾಗಬಹುದು.

ಮೊದಲು ಮಾಡು. ನೆನೆದ ಮಣ್ಣು ಒಂದು ಘನ ಅಡಿಗೆ ಸುಮಾರು 54 ಕಿಲೋ ತೂಗುತ್ತದೆ. ನೀವು ಹೇಳಿದ ಎರಡು ಅಡಿ ದಪ್ಪಕ್ಕೆ ಪ್ರತಿ ಚದರ ಅಡಿಗೆ 108 ಕಿಲೋ. ಆರು ಚದರದ, ಎಂದರೆ 600 ಚದರ ಅಡಿಯ ಮನೆಯ ನೆತ್ತಿಯ ಮೇಲೆ ಮಳೆಗಾಲದಲ್ಲಿ ಹತ್ತಿರ ಹತ್ತಿರ 65 ಟನ್ ಮಣ್ಣು ಸದಾ ಕುಳಿತಿರುತ್ತದೆ. ಜನ ಓಡಾಡುವ ಸಾಮಾನ್ಯ ತಾರಸಿಗೆ ನಾವು ಲೆಕ್ಕ ಹಿಡಿಯುವ ಹೊರಗಿನ ಭಾರ ಪ್ರತಿ ಚದರ ಮೀಟರಿಗೆ 150 ಕಿಲೋ, ಅಂದರೆ ಚದರ ಅಡಿಗೆ ಸುಮಾರು 14 ಕಿಲೋ ಮಾತ್ರ. ಊರಿನಲ್ಲಿ ಎಲ್ಲರ ಮನೆಗೂ ಹಾಕುವ ಐದಿಂಚಿನ ತಾರಸಿಯನ್ನು ಅದೇ ಕಂಬಿಯಲ್ಲಿ ಹಾಕಿಸಿ, ಅದರ ಮೇಲೆ ಈ ಮಣ್ಣು ಸುರಿಸಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ತೂಕಕ್ಕೆ ತಕ್ಕಂತೆ ಕಾಂಕ್ರೀಟು ಕಂಬಿ ಹೆಚ್ಚಿಸಬಹುದು. ಆದರೆ ಪರಿಸರಕ್ಕೆ ಹಗುರಾದ ಮನೆ ಬೇಕೆಂದು ಹೊರಟವರು ಕೊನೆಗೆ ಸಾಮಾನ್ಯ ಮನೆಗಿಂತ ಹೆಚ್ಚು ಸಿಮೆಂಟು ಸುರಿಯುವುದು ನನಗೆ ಸರಿಕಾಣುವುದಿಲ್ಲ.

ಎರಡನೆಯದು ಗೋಡೆಯ ಮೇಲಿನ ಒತ್ತಡ. ಎಂಟು ಅಡಿ ಎತ್ತರಕ್ಕೆ ಒಣ ಗರಸು ಮಣ್ಣು ತುಂಬಿದರೆ, ಅದು ಗೋಡೆಯ ಪ್ರತಿ ಮೀಟರ್ ಉದ್ದವನ್ನು ಸುಮಾರು 1.75 ಟನ್ ಬಲದಿಂದ ಒಳಕ್ಕೆ ತಳ್ಳುತ್ತದೆ. ಅದೇ ಮಣ್ಣಿನಲ್ಲಿ ನೀರು ತುಂಬಿ ನಿಂತರೆ ಬಲ 3.9 ಟನ್ನಿನ ಹತ್ತಿರ ಹೋಗುತ್ತದೆ, ಎಂದರೆ ಎರಡು ಪಟ್ಟಿಗೂ ಮಿಕ್ಕು. ಶಿರಾದವರ ಗೋಡೆ ಕೇವಲ ಬೆವರಿತು. ಅದು ಉಬ್ಬದೆ ಉಳಿದದ್ದು ಅವರ ಅದೃಷ್ಟ. ಜಲ್ಲಿ ಮತ್ತು ಪೈಪಿನ ವ್ಯವಸ್ಥೆ ತೇವಕ್ಕೆ ಎಷ್ಟು ಬೇಕೋ ಗೋಡೆ ನಿಲ್ಲುವುದಕ್ಕೂ ಅಷ್ಟೇ ಬೇಕು.

ಈ ಬಲ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದರಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ದಿಬ್ಬವನ್ನು ಎಂಟರ ಬದಲು ನಾಲ್ಕು ಅಡಿಗೆ ಇಳಿಸಿದರೆ ಒತ್ತಡ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ನನ್ನ ಸಲಹೆ: ಇಳಿಜಾರಿನಲ್ಲಿ ಎರಡು ಅಡಿಗಿಂತ ಹೆಚ್ಚು ಅಗೆಯಬೇಡಿ. ಅಲ್ಲಿಂದ ಬಂದ ಗರಸನ್ನೇ ಬಳಸಿ ಪಡುವಣ ಮತ್ತು ಬಡಗಣ ಗೋಡೆಗಳಿಗೆ ಕಿಟಕಿಯ ಅಡಿಪಟ್ಟಿಯವರೆಗೆ, ನಾಲ್ಕು ನಾಲ್ಕೂವರೆ ಅಡಿ ಎತ್ತರಕ್ಕೆ, ಇಳಿಜಾರಾದ ದಿಬ್ಬ ಕಟ್ಟಿ. ಮಣ್ಣು ತಾಗುವ ಆ ಎತ್ತರದವರೆಗೆ ಗೋಡೆ ಸೈಜುಗಲ್ಲಿನದಾಗಿರಲಿ, ತಳದಲ್ಲಿ ಎತ್ತರದ ಅರ್ಧದಷ್ಟಾದರೂ ದಪ್ಪವಿರಲಿ. ಹತ್ತು ಹತ್ತು ಅಡಿಗೊಂದು ಅಡ್ಡಗೋಡೆ ಬರುವಂತೆ ಕೋಣೆಗಳನ್ನು ಜೋಡಿಸಿದರೆ ಅವೇ ಉದ್ದಗೋಡೆಗೆ ಒತ್ತುಗೊಡುತ್ತವೆ.

ಅದರ ಮೇಲಿನ ಗೋಡೆಗೆ ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆ ಬಹಳ ಒಳ್ಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಈ ಇಟ್ಟಿಗೆಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದೆ; ಅದೇ ಕೇಂದ್ರದ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆಲ್ಲ ಪರಿಚಿತ. ನಿಮ್ಮ ಕೆಂಪು ಮಣ್ಣಿಗೆ ಮರಳೋ ಎಂ ಸ್ಯಾಂಡೋ ಬೆರೆಸಿ, ಜೇಡಿಯ ಪ್ರಮಾಣವನ್ನು ನೂರಕ್ಕೆ ಹತ್ತು ಹದಿನೈದಕ್ಕೆ ತಂದು, ನೂರಕ್ಕೆ ಏಳರಷ್ಟು ಸಿಮೆಂಟು ಹಾಕಿ, ಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದರೆ ಸುಡದೆಯೇ ಗಟ್ಟಿಯಾದ ಇಟ್ಟಿಗೆ ಸಿಗುತ್ತದೆ. ಆದರೆ ಅದನ್ನು ಒದ್ದೆ ಮಣ್ಣಿಗೆ ತಾಗಿಸಬೇಡಿ. ಹಾಗೆಯೇ ತಗ್ಗಿನ ಎರೆಮಣ್ಣನ್ನು ಇಟ್ಟಿಗೆಗೂ ಬಳಸಬೇಡಿ, ದಿಬ್ಬಕ್ಕೂ ತರಬೇಡಿ. ಅದು ನೆನೆದಾಗ ಉಬ್ಬಿ ಗೋಡೆಯನ್ನು ನೂಕುತ್ತದೆ, ಒಣಗಿದಾಗ ಅಂಗೈ ತೂರುವಂಥ ಬಿರುಕು ಬಿಟ್ಟು ಮುಂದಿನ ಮಳೆಗೆ ದಾರಿ ಮಾಡಿಕೊಡುತ್ತದೆ.

ಉತ್ತರ: ಧರೆ ಮನೆ, ತೀರ್ಥಹಳ್ಳಿ

ಇದನ್ನು ಓದಿ ಮಲೆನಾಡಿನವರೂ ಗುಡ್ಡ ಕಡಿದು ಮನೆ ಒರಗಿಸಲು ಹೊರಟಾರೆಂಬ ಆತಂಕದಿಂದ ನಾಲ್ಕು ಸಾಲು ಬರೆಯುತ್ತಿದ್ದೇನೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮಲ್ಲಿ ಧರೆಗೂ (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆಗೂ) ಮನೆಗೂ ಹತ್ತು ಹನ್ನೆರಡು ಅಡಿ ಅಂತರ ಬಿಡುವುದು ಹಿರಿಯರ ಪದ್ಧತಿ. ಧರೆ ಜರಿದರೆ ಮಣ್ಣು ಆ ಜಾಗದಲ್ಲಿ ಬೀಳಲಿ ಎಂಬುದು ಅದರ ಉದ್ದೇಶ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದು ಎಷ್ಟೋ ಮನೆಗಳು ಮಣ್ಣುಪಾಲಾದವು. ಅದನ್ನು ಕಂಡ ಮೇಲೂ ಮನೆಯ ಹಿಂದೆ ನೇರವಾಗಿ ಗುಡ್ಡ ಕಡಿಯುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಗಾಳಿಯೇ ಒದ್ದೆಯಾಗಿರುವಾಗ ತಣ್ಣಗಿನ ಮಣ್ಣುಗೋಡೆ ಬೆವರುವುದನ್ನು ಯಾವ ಪೈಪೂ ತಡೆಯದು. ಈ ಚರ್ಚೆಯ ಮಾತು ಬಯಲುಸೀಮೆಗಷ್ಟೇ ಸಲ್ಲುತ್ತದೆ.

ಉತ್ತರ: ಬಿಸಿಲು ಮತ್ತು ನೀರು, ತುಮಕೂರು

ಮನೆಯ ಕಟ್ಟಣೆ ಬಗ್ಗೆ ಬಲ್ಲವರು ಹೇಳಿದ್ದಾರೆ. ಹದಿನಾಲ್ಕು ವರ್ಷಗಳಿಂದ ತೋಟದ ಮನೆಗಳಿಗೆ ಸೋಲಾರ್ ಅಳವಡಿಸುತ್ತಿರುವ ನಾನು ಕರೆಂಟು ಮತ್ತು ನೀರಿನ ಲೆಕ್ಕವನ್ನು ಹೇಳುತ್ತೇನೆ.

ಮೂವರ ಮನೆಗೆ ಆರು ಎಲ್‌ಇಡಿ ದೀಪ, ಕಡಿಮೆ ಕರೆಂಟು ಎಳೆಯುವ 30 ವ್ಯಾಟಿನ ಮೂರು ಬಿಎಲ್‌ಡಿಸಿ ಫ್ಯಾನು, ಒಂದು ಸಣ್ಣ ಇನ್ವರ್ಟರ್ ಫ್ರಿಜ್ಜು, ಮಿಕ್ಸಿ, ಫೋನು, ಲ್ಯಾಪ್‌ಟಾಪು, ತೊಟ್ಟಿಗೆ ನೀರೆತ್ತುವ ಅರ್ಧ ಎಚ್‌ಪಿ ಪಂಪು, ಇವೆಲ್ಲ ಸೇರಿ ದಿನಕ್ಕೆ ಸುಮಾರು ಎರಡೂವರೆ ಯೂನಿಟ್ ಆಗುತ್ತದೆ. ಒಂದು ಕಿಲೋವ್ಯಾಟ್ ಪ್ಯಾನೆಲ್ ನಮ್ಮ ಕಡೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ, ಆದರೆ ಮೋಡ ಕವಿದ ಜುಲೈ ಆಗಸ್ಟಿನಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಆದ್ದರಿಂದ ಎರಡು ಕಿಲೋವ್ಯಾಟ್ ಹಾಕಿಸಿ. ಬಿಸಿಲಿಲ್ಲದ ಎರಡು ದಿನ ತಾಳಿಕೊಳ್ಳಲು ಐದು ಯೂನಿಟ್ ಸಂಗ್ರಹ ಬೇಕು. ನೀರಿನ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬಳಸಿದರೆ ಅದರ ಆಯುಸ್ಸು ಬೇಗ ಮುಗಿಯುವುದರಿಂದ 12 ವೋಲ್ಟಿನ 200 ಆಂಪಿಯರ್ ಅವರ್ ಬ್ಯಾಟರಿ ನಾಲ್ಕು ಬೇಕಾಗುತ್ತವೆ. ಲಿಥಿಯಂ ಆದರೆ ಆರು ಯೂನಿಟ್ ಸಾಮರ್ಥ್ಯ ಸಾಕು. ಕೊಳವೆಬಾವಿಯ ಪಂಪನ್ನು ಈ ವ್ಯವಸ್ಥೆಗೆ ಸೇರಿಸಬೇಡಿ, ಅದಕ್ಕೆ ಬ್ಯಾಟರಿಯಿಲ್ಲದ, ಹಗಲು ಮಾತ್ರ ಓಡುವ ಬೇರೆ ಪ್ಯಾನೆಲ್ ಇರಲಿ. ಪ್ಯಾನೆಲ್‌ಗಳನ್ನು ದಕ್ಷಿಣಕ್ಕೆ ಮುಖಮಾಡಿ ಹದಿನೈದು ಡಿಗ್ರಿ ಓರೆಯಲ್ಲಿ ನೆಲದ ಸ್ಟ್ಯಾಂಡಿನ ಮೇಲೆ ಕೂರಿಸಿ. ಮಣ್ಣಿನ ಮಾಡಿನ ಮೇಲೆ ಕಂಬಿ ನೆಟ್ಟರೆ ನೀರು ತಡೆಯುವ ಹಾಳೆಗೆ ನೀವೇ ತೂತು ಕೊರೆದಂತೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನ ಗ್ರಿಡ್‌ಗೆ ಸೇರಿದ ಮನೆಗಳಿಗೆ ಮಾತ್ರ. ಅದನ್ನು ನಿಮ್ಮ ಬಜೆಟ್ಟಿನಲ್ಲಿ ಹಿಡಿಯಬೇಡಿ.

ನೀರಿನ ವಿಷಯದಲ್ಲಿ ನಿಮ್ಮ ನಕ್ಷೆಯಲ್ಲಿ ಒಂದು ತೊಡಕಿದೆ. ಮಾಡಿಗೆಲ್ಲ ಮಣ್ಣು ಹೊದಿಸಿ, ಅದೇ ಮಾಡಿನಿಂದ ಕುಡಿಯುವ ನೀರು ಹಿಡಿಯುವುದು ಆಗದ ಮಾತು. ಸಣ್ಣ ಮಳೆಯನ್ನೆಲ್ಲ ಮಣ್ಣೇ ಕುಡಿಯುತ್ತದೆ, ದೊಡ್ಡ ಮಳೆಯಲ್ಲಿ ರಾಡಿ ಬರುತ್ತದೆ. ಆದ್ದರಿಂದ ಮಾಡನ್ನು ಎರಡು ಭಾಗ ಮಾಡಿ. ನಿಮ್ಮಲ್ಲಿ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಎಂದು ಹಿಡಿದರೆ, ಹೆಂಚಿನ ಮಾಡಿನ ಒಂದೊಂದು ಚದರವೂ ಪೋಲಾದದ್ದನ್ನು ಕಳೆದು ವರ್ಷಕ್ಕೆ 3,700 ಲೀಟರ್ ಕೊಡುತ್ತದೆ. ಜಗುಲಿ, ಅಡುಗೆಮನೆ, ನಡುಮನೆ ಸೇರಿ ನಾಲ್ಕು ಚದರ ಹೆಂಚಾದರೆ 14,800 ಲೀಟರ್. ಮೂವರಿಗೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ ಇಪ್ಪತ್ತು ಲೀಟರಿನಂತೆ ವರ್ಷಕ್ಕೆ 7,300 ಲೀಟರ್ ಸಾಕು. ಹಿಂಗಾರು ಮುಗಿದ ಮೇಲೆ ಮೇ ತಿಂಗಳವರೆಗೆ ಮಳೆ ಅಪರೂಪವಾದ್ದರಿಂದ 10,000 ಲೀಟರಿನ ಫೆರೋಸಿಮೆಂಟ್ (ತಂತಿ ಬಲೆಗೆ ಗಾರೆ ಮೆತ್ತಿದ) ತೊಟ್ಟಿ ಕಟ್ಟಿಸಿ, ಮೊದಲ ಮಳೆಯ ನೀರನ್ನು ಹೊರಬಿಡುವ ತಿರುಗುನಲ್ಲಿ ಇಡಿ. ಸ್ನಾನ, ಬಟ್ಟೆ, ಪಾತ್ರೆಗೆ ಕೊಳವೆಬಾವಿಯ ನೀರಾಗುತ್ತದೆ. ಆದರೆ 2.4 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ಅಡುಗೆಗೂ ಬಳಸಬೇಡಿ. ಬೇರೆ ಮೂಲವೇ ಇಲ್ಲದಾಗಲೂ ನಮ್ಮ ದೇಶದ ಮಾನದಂಡ ಒಪ್ಪುವ ಮಿತಿ 1.5. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಬೇಳೆ ಬೇಯುವ ನೀರಿಗೂ ಈ ಮಾತು ಅನ್ವಯಿಸುತ್ತದೆ.

ಬಚ್ಚಲು ಮತ್ತು ಶೌಚದ ನೀರಿನ ವಾಟವನ್ನೂ ಈಗಲೇ ನೋಡಿಕೊಳ್ಳಿ. ನೆಲಮಟ್ಟ ತಗ್ಗಿದಷ್ಟೂ ಪೈಪು ಆಳಕ್ಕೆ ಹೋಗುತ್ತದೆ. ನಿಮ್ಮ ಇಳಿಜಾರು ಮೂಡಣಕ್ಕಿರುವುದರಿಂದ ಎರಡು ಗುಂಡಿಯ ಶೌಚಾಲಯವನ್ನು ಆ ಕಡೆಗೇ ಇಡಬಹುದು, ಎರೆಮಣ್ಣಿನ ಪಟ್ಟಿಯನ್ನು ಮಾತ್ರ ತಪ್ಪಿಸಿ. ಅಲ್ಲಿ ನೀರು ಇಂಗುವುದಿಲ್ಲ.

ಮರುಪ್ರಶ್ನೆ: ಹೊಲದ ಬದು, ಹಿರಿಯೂರು ತಾಲ್ಲೂಕು

ಇಷ್ಟು ಕಾಳಜಿಯಿಂದ ಬರೆದ ನಿಮ್ಮೆಲ್ಲರಿಗೂ ನಾನು ಋಣಿ. ನಿನ್ನೆ ಮೇಸ್ತ್ರಿಯವರನ್ನು ಕೂರಿಸಿಕೊಂಡು ಎಲ್ಲವನ್ನೂ ಓದಿ ಹೇಳಿದೆ. ಜಲ್ಲಿ ಮತ್ತು ಪೈಪಿನ ಭಾಗ ಬಂದಾಗ ಅವರು, “ಇದನ್ನೇ ನಾನು ಹೇಳಬೇಕೆಂದಿದ್ದೆ, ನೀವು ಬೇಜಾರು ಮಾಡಿಕೊಳ್ಳುತ್ತೀರೆಂದು ಸುಮ್ಮನಾದೆ” ಎಂದರು. ಹೊಸ ನಕ್ಷೆಯಲ್ಲಿ ಗಾಜು ಹೋಗಿದೆ. ಅಗೆತ ಎರಡು ಅಡಿಗೆ ಇಳಿದಿದೆ. ಪಡುವಣ ಮತ್ತು ಬಡಗಣಕ್ಕೆ ನಾಲ್ಕು ಅಡಿಯ ದಿಬ್ಬ ಬಂದಿದೆ. ನಾಲ್ಕು ಚದರಕ್ಕೆ ಹೆಂಚು, ಎರಡು ಚದರದ ಮಲಗುವ ಕೋಣೆಗಳಿಗೆ ಮಾತ್ರ ಮಣ್ಣಿನ ಮಾಡು ಉಳಿದಿದೆ.

ಈಗ ಉಳಿದಿರುವುದು ಒಂದೇ ಪ್ರಶ್ನೆ. ನಮ್ಮ ಅತ್ತೆಯವರು ಹೇಳುವಂತೆ ಮಾಳಿಗೆಗೆ ಚೌಳು ಮಣ್ಣನ್ನೇ ಹಾಕಬೇಕು, ಕೆಂಪು ಮಣ್ಣು ಸೋರುತ್ತದೆ. ಹಳೆಯ ಕ್ರಮದಂತೆ ಬರಿಯ ಚೌಳು ಮಣ್ಣನ್ನೇ ನಂಬಬಹುದೇ, ಅಥವಾ ಹಾಳೆ ಹಾಸಲೇಬೇಕೇ?

ಉತ್ತರ: ಕೆಂಪು ಹೊಲ, ಶಿರಾ ತಾಲ್ಲೂಕು

ನಿಮ್ಮ ಅತ್ತೆಯವರ ಮಾತು ನೂರಕ್ಕೆ ನೂರು ನಿಜ, ಮೇಡಂ. ಚೌಳು ಮಣ್ಣಿನಲ್ಲಿರುವ ಸೋಡಿಯಂ ಅಂಶದಿಂದ ಜೇಡಿಯ ಕಣಗಳು ನೀರು ತಾಗಿದ ಕೂಡಲೆ ಬಿಡಿಬಿಡಿಯಾಗಿ ಚದುರಿ, ಮಣ್ಣಿನ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಬೆಳೆಗೆ ಆ ಮಣ್ಣು ಬಾರದಿರುವುದಕ್ಕೂ ಮಾಳಿಗೆಗೆ ಒದಗುವುದಕ್ಕೂ ಕಾರಣ ಒಂದೇ. ಆದರೆ ಆ ಮಾಳಿಗೆ ಉಳಿದದ್ದು ಮಣ್ಣಿನ ಗುಣದಿಂದ ಮಾತ್ರವಲ್ಲ, ಪ್ರತಿ ವರ್ಷ ಮುಂಗಾರಿಗೆ ಮೊದಲು ಮೇಲೆ ಹತ್ತಿ, ಬಿರುಕು ನೋಡಿ, ಹೊಸ ಮಣ್ಣು ಎಳೆದು, ಮಳೆನೀರು ಹೊರಬೀಳುವ ದೋಣಿಯ ಬಾಯಿ ಬಿಡಿಸುತ್ತಿದ್ದ ಕೈಗಳಿಂದ. ಅರವತ್ತು ದಾಟಿದ ಮೇಲೆ ವರ್ಷ ವರ್ಷವೂ ಏಣಿ ಹತ್ತುವ ಕೆಲಸವನ್ನು ನೀವು ಹಚ್ಚಿಕೊಳ್ಳುವುದು ಬೇಡ. ತಾರಸಿಗೆ ನೂರಕ್ಕೆ ಎರಡರ ವಾಟ ಕೊಟ್ಟು, ಹಾಳೆ, ಮೆಷ್, ಗಾರೆ ಹಾಸಿ, ಅದರ ಮೇಲೆ ಆರಿಂಚು ಗರಸು ಬೆರೆತ ಕೆಂಪು ಮಣ್ಣು ಹರಡಿ ಗರಿಕೆ ನೆಡಿ. ಚೌಳು ಮಣ್ಣಿನ ಮೇಲೆ ಗರಿಕೆ ಸರಿಯಾಗಿ ಹತ್ತುವುದಿಲ್ಲ, ಬೇಸಿಗೆಯಲ್ಲಿ ಬರಿ ಮಣ್ಣು ಕಾಯುತ್ತದೆ. ಆರಿಂಚಿಗೂ ಚದರ ಅಡಿಗೆ 27 ಕಿಲೋ ಆಗುತ್ತದೆಂದು ದಾವಣಗೆರೆಯವರ ಲೆಕ್ಕದಿಂದ ತಿಳಿಯುತ್ತದೆ, ಆದ್ದರಿಂದ ಆ ಎರಡು ಚದರದ ತಾರಸಿಯ ಕಂಬಿಯನ್ನು ಇಂಜಿನಿಯರ್ ಒಬ್ಬರಿಂದ ಲೆಕ್ಕ ಹಾಕಿಸಿಯೇ ಕಟ್ಟಿಸಿ. ಆರಿಂಚಿನಲ್ಲಿ ದಿನದ ಬಿಸಿಲು ಪೂರ್ತಿ ನಿಲ್ಲುವುದಿಲ್ಲ, ಆದರೆ ಗರಿಕೆಯ ನೆರಳೂ ಸೇರಿದರೆ ಸಾಕಾಗುತ್ತದೆ.

ಚೌಳು ಮಣ್ಣನ್ನು ವ್ಯರ್ಥ ಮಾಡಬೇಡಿ. ಎರಡು ಗಾಡಿ ತರಿಸಿ, ದಿಬ್ಬದ ನೆತ್ತಿಯಲ್ಲಿ, ಗೋಡೆಯ ಜಲ್ಲಿ ಪದರದ ಮೇಲೆ ಮುಚ್ಚಳದಂತೆ ನಾಲ್ಕಿಂಚು ಹಾಕಿ, ಹೊರಕ್ಕೆ ವಾಟ ಮಾಡಿ, ಚೆನ್ನಾಗಿ ಬಡಿಸಿ. ಮಳೆಯ ನೀರು ಗೋಡೆಯ ಸಂದಿಗೆ ಇಳಿಯದೆ ದಿಬ್ಬದ ಮೇಲೆಯೇ ಹರಿದುಹೋಗುತ್ತದೆ. ಅಲ್ಲಿ ಬಿರುಕು ಬಿಟ್ಟರೆ ನೆಲದ ಮೇಲೆ ನಿಂತೇ ನಿಮ್ಮ ಅತ್ತೆಯವರು ನೋಡಿ ಹೇಳಬಲ್ಲರು. ಗವಾಕ್ಷಿಯನ್ನು ಹೆಂಚಿನ ಭಾಗದ ನಡುಮನೆಗೆ ಇಡಿಸಿ. ಮಣ್ಣಿನ ಮಾಡಿನಲ್ಲಿ ಇಟ್ಟರೆ ಅದರ ಸುತ್ತಲಿನ ಸಂದು ಇಂದಲ್ಲ ನಾಳೆ ಸೋರುತ್ತದೆ, ನಮ್ಮದು ಸೋರಿದೆ.